ಜೀನಸಿನ ಚೀಟಿ ಹೇಳದ ಬೆಲೆ: ಕರಾವಳಿಯ ಅಡುಗೆಮನೆಯ ಖರ್ಚು ಎಲ್ಲಿ ಏರುತ್ತದೆ, ಎಲ್ಲಿ ಇಳಿಸಬಹುದು

2025ರ ಮಧ್ಯಭಾಗದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತು. ತೆಂಗಿನೆಣ್ಣೆಯನ್ನು ತಲೆಗೆ ಮಾತ್ರ ಹಚ್ಚುವ ಊರುಗಳಲ್ಲಿ ಅದು ಒಂದು ದಿನದ ಸುದ್ದಿ. ಮಂಗಳೂರು, ಉಡುಪಿಯ ಮನೆಗಳಲ್ಲಿ ಹಾಗಲ್ಲ. ಇಲ್ಲಿ ಒಗ್ಗರಣೆಗೂ ಮೀನು ಕಾಯಿಸುವುದಕ್ಕೂ ಅದೇ ಎಣ್ಣೆ, ಗಸಿಗೂ ಚಟ್ನಿಗೂ ಅದೇ ಕಾಯಿ. ಅದರ ಮೇಲೆ ಮಳೆಗಾಲದ ಎರಡು ತಿಂಗಳು ಮೀನು ದುಬಾರಿ, ಘಾಟಿಯಲ್ಲಿ ಗುಡ್ಡ ಜರಿದರೆ ತರಕಾರಿಯೂ ದುಬಾರಿ. ತಿಂಗಳ ಕೊನೆಗೆ ಜೀನಸಿನ ಲೆಕ್ಕ ಕೂಡಿಸುವವರು ಕೇಳುವ ಪ್ರಶ್ನೆ ಒಂದೇ: ತಿನ್ನುವುದನ್ನು ಕಡಿಮೆ ಮಾಡದೆ ಈ ಮೊತ್ತವನ್ನು ಇಳಿಸುವುದು ಹೇಗೆ?

ಅದಕ್ಕೆ ಮೊದಲು ಬೆಲೆ ಎಂಬುದನ್ನು ಸರಿಯಾಗಿ ಓದಬೇಕು. ಪೊಟ್ಟಣದ ಮೇಲಿರುವುದು ಪೊಟ್ಟಣದ ಬೆಲೆ, ಅಷ್ಟೇ. ಒಳಗೆ ಎಷ್ಟು ಗ್ರಾಂ ಇದೆ, ಅದರಲ್ಲಿ ತಿನ್ನುವ ಭಾಗ ಎಷ್ಟು, ಅದರಲ್ಲೂ ಕೆಡದೆ ತಟ್ಟೆಗೆ ಬರುವುದು ಎಷ್ಟು ಎಂದು ಕಳೆಯುತ್ತಾ ಹೋದಾಗ ಸಿಗುವುದೇ ನಿಜವಾದ ಬೆಲೆ.

ಗ್ರಾಂಗೆ ಎಷ್ಟು?

ಬೈಕ್ ಕೊಳ್ಳುವಾಗ ಟ್ಯಾಂಕ್ ಎಷ್ಟು ದೊಡ್ಡದು ಎಂದು ಯಾರೂ ಕೇಳುವುದಿಲ್ಲ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳುತ್ತಾರೆ. ದಿನಸಿಯ ವಿಷಯದಲ್ಲೂ ಕೇಳಬೇಕಾದದ್ದು ಇಂಥದೇ ಪ್ರಶ್ನೆ: ಒಂದು ಗ್ರಾಂಗೆ, ಒಂದು ಮಿಲಿಲೀಟರಿಗೆ ಎಷ್ಟು? ಇದಕ್ಕೆ ಏಕಮಾನ ಬೆಲೆ ಎನ್ನುತ್ತಾರೆ. ಲೆಕ್ಕ ಹಾಕುವ ಕಷ್ಟವೂ ಈಗ ಇಲ್ಲ. ಪೊಟ್ಟಣ ಕಟ್ಟಿದ ವಸ್ತುಗಳ ನಿಯಮದ ಪ್ರಕಾರ ಎಂಆರ್‌ಪಿಯ ಜೊತೆಗೆ ಈ ಬೆಲೆಯನ್ನೂ ಮುದ್ರಿಸಬೇಕು: ಒಂದು ಕಿಲೋಗಿಂತ ಕಡಿಮೆಯದಾದರೆ ಗ್ರಾಂ ಲೆಕ್ಕ, ಹೆಚ್ಚಿನದಾದರೆ ಕಿಲೋ ಲೆಕ್ಕ. ಅಕ್ಷರ ಸಣ್ಣದಿರುತ್ತದೆ, ಹುಡುಕಬೇಕಾಗುತ್ತದೆ.

ಏಕಮಾನ ಬೆಲೆ ನೋಡದಿದ್ದರೆ ಲೆಕ್ಕ ಎಲ್ಲಿ ತಪ್ಪುತ್ತದೆ ಎನ್ನುವುದಕ್ಕೆ ನಂದಿನಿಯ ನೀಲಿ ಪೊಟ್ಟಣ ಒಳ್ಳೆಯ ಉದಾಹರಣೆ. 2024ರ ಜೂನ್‌ವರೆಗೆ ಒಂದು ಲೀಟರಿಗೆ 42 ರೂಪಾಯಿ ಇತ್ತು. ಆಗ ಬೆಲೆಯನ್ನು 44 ರೂಪಾಯಿ ಮಾಡಿ, ಪೊಟ್ಟಣದ ಹಾಲನ್ನು 1,050 ಮಿಲಿಲೀಟರಿಗೆ ಏರಿಸಿದರು. ಎರಡು ರೂಪಾಯಿ ಏರಿತು ಎಂದು ಎಲ್ಲೆಡೆ ಗಲಾಟೆಯಾಯಿತು. ಭಾಗಿಸಿ ನೋಡಿದರೆ ಲೀಟರಿಗೆ ಬಿದ್ದದ್ದು ಸುಮಾರು 41 ರೂಪಾಯಿ 90 ಪೈಸೆ. ದರ ಏರಿರಲೇ ಇಲ್ಲ. ಬೇಡದಿದ್ದರೂ 50 ಮಿಲಿಲೀಟರ್ ಹೆಚ್ಚು ಕೊಳ್ಳಬೇಕಾಯಿತು, ಅಷ್ಟೇ. 2025ರ ಏಪ್ರಿಲ್ 1ರಂದು ಹೆಚ್ಚುವರಿ ಹಾಲನ್ನು ತೆಗೆದು ಲೀಟರಿಗೆ 46 ರೂಪಾಯಿ ಮಾಡಿದರು. ಪೊಟ್ಟಣದಿಂದ ಪೊಟ್ಟಣಕ್ಕೆ ನೋಡುವವರಿಗೆ ಇದು ಮತ್ತೆ ಎರಡೇ ರೂಪಾಯಿಯ ಏರಿಕೆಯಾಗಿ ಕಂಡೀತು. ಲೀಟರಿನ ಲೆಕ್ಕದಲ್ಲಿ ನಾಲ್ಕು ರೂಪಾಯಿ ಒಟ್ಟಿಗೆ ಏರಿದ್ದು ಈ ಸಲ.

ಅಡುಗೆ ಎಣ್ಣೆಯಲ್ಲಿ ಇನ್ನೊಂದು ತೊಡಕಿದೆ. ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲ, ಸುಮಾರು 910 ಗ್ರಾಂ ತೂಗುತ್ತದೆ. ಹಿಂದೆ ಎಣ್ಣೆ, ಬಿಸ್ಕತ್ತು, ಚಹಾಪುಡಿ ಮುಂತಾದವನ್ನು ನಿಗದಿತ ಅಳತೆಗಳಲ್ಲಿಯೇ ಕಟ್ಟಬೇಕೆಂಬ ನಿಯಮವಿತ್ತು. ಅದನ್ನು ತೆಗೆದ ಮೇಲೆ 850 ಗ್ರಾಂ, 800 ಗ್ರಾಂ ಎಂಬ ವಿಚಿತ್ರ ಅಳತೆಗಳು ಬಂದಿವೆ. ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟಾಗ ಎಲ್ಲವೂ ‘ಒಂದು ಲೀಟರ್ ಪೊಟ್ಟಣ’ದಂತೆಯೇ ಕಾಣುತ್ತವೆ. ಹತ್ತು ರೂಪಾಯಿ ಅಗ್ಗ ಎಂದು ಎತ್ತಿಕೊಂಡದ್ದರಲ್ಲಿ ನೂರು ಗ್ರಾಂ ಕಡಿಮೆ ಇರಬಹುದು.

26 ಕಿಲೋದ ಅಕ್ಕಿ ಚೀಲ ಎಲ್ಲಿಂದ ಬಂತು?

ಅಕ್ಕಿಯ ಚೀಲ 25 ಕಿಲೋದ್ದು ಎಂಬುದು ಎಷ್ಟೋ ವರ್ಷದ ರೂಢಿ. ಈಗ ಎಷ್ಟೋ ಅಂಗಡಿಗಳಲ್ಲಿ 26 ಕಿಲೋದ ಚೀಲಗಳು ಕುಳಿತಿವೆ. ಇದರ ಹಿಂದಿರುವುದು ತೆರಿಗೆಯ ಒಂದು ಗೆರೆ. 2022ರ ಜುಲೈ 18ರಿಂದ, ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇಕಡಾ 5 ಜಿಎಸ್‌ಟಿ ಬಂತು. ಆದರೆ ಅದು 25 ಕಿಲೋವರೆಗಿನ ಪೊಟ್ಟಣಗಳಿಗೆ ಮಾತ್ರ. ಅದಕ್ಕಿಂತ ದೊಡ್ಡ ಒಂದೇ ಚೀಲಕ್ಕೆ ಈ ತೆರಿಗೆ ಇಲ್ಲ. ವ್ಯಾಪಾರಿಗಳು ಒಂದು ಕಿಲೋ ಸೇರಿಸಿ ಗೆರೆ ದಾಟಿದರು.

ಗಿರಾಕಿಗೆ ಇದರಿಂದ ಆಗುವ ವ್ಯತ್ಯಾಸ ಸಣ್ಣದೇನಲ್ಲ. ಚೀಲಕ್ಕೆ 1,500 ರೂಪಾಯಿ ಎಂದಿಟ್ಟುಕೊಂಡರೆ ಶೇಕಡಾ 5 ಎಂದರೆ 75 ರೂಪಾಯಿ. ಅಂಗಡಿಯವರು ಗೋಣಿಯಿಂದ ಅಳೆದು ಕೊಡುವ ಬಿಡಿ ಅಕ್ಕಿ, ಬಿಡಿ ಬೇಳೆಗಳಿಗೂ ಈ ತೆರಿಗೆ ಇಲ್ಲ. ಹಳೆಯ ಜೀನಸು ಅಂಗಡಿಗೆ ಹೋಗಿ ತೂಗಿಸಿಕೊಳ್ಳುವುದನ್ನು ಬಿಟ್ಟವರು ಒಮ್ಮೆ ಎರಡೂ ಕಡೆಯ ಕಿಲೋ ದರವನ್ನು ಪಕ್ಕಪಕ್ಕ ಬರೆದು ನೋಡಬಹುದು. ಬಿಡಿಯದ್ದೇ ಯಾವಾಗಲೂ ಅಗ್ಗ ಎನ್ನುವಂತಿಲ್ಲ. ಸೂಪರ್‌ಮಾರ್ಕೆಟ್‌ಗಳು ಸಗಟಾಗಿ ಕೊಳ್ಳುವುದರಿಂದ ತೆರಿಗೆ ಸೇರಿಸಿಯೂ ಕೆಲವೊಮ್ಮೆ ಕಡಿಮೆಗೆ ಕೊಡುತ್ತವೆ.

2025ರ ಸೆಪ್ಟೆಂಬರ್ 22ರಂದು ತೆರಿಗೆ ದರಗಳು ಮತ್ತೆ ಬದಲಾದವು. ತುಪ್ಪ, ಬೆಣ್ಣೆ, ಬಿಸ್ಕತ್ತು, ನೂಡಲ್ಸ್ ಮುಂತಾದವು ಶೇಕಡಾ 5ಕ್ಕೆ ಇಳಿದವು. ದಿನದ ಹಾಲಿನ ಪೊಟ್ಟಣಕ್ಕೆ ಮೊದಲೂ ತೆರಿಗೆ ಇರಲಿಲ್ಲವಾದ್ದರಿಂದ ಅದರ ಬೆಲೆ ಇದರಿಂದ ಇಳಿಯುವ ಪ್ರಶ್ನೆಯೇ ಇರಲಿಲ್ಲ.

ಮೀನು: ಕೊಂಡ ತೂಕ, ತಿಂದ ತೂಕ

ಕರಾವಳಿಯಲ್ಲಿ ಅತಿ ಹೆಚ್ಚು ಲೆಕ್ಕ ತಪ್ಪುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಸಿಗಡಿಯನ್ನು ಕಿಲೋಗೆ 400 ರೂಪಾಯಿಯಂತೆ ಕೊಂಡಿರಿ ಎಂದಿಟ್ಟುಕೊಳ್ಳಿ. ತಲೆ, ಸಿಪ್ಪೆ ತೆಗೆದರೆ ಉಳಿಯುವುದು ಸುಮಾರು ಅರ್ಧ. ಅಂದರೆ ನೀವು ತಿಂದ ಸಿಗಡಿಯ ಬೆಲೆ ಕಿಲೋಗೆ 800ರ ಹತ್ತಿರ. ಏಡಿಯಲ್ಲಿ ಮಾಂಸ ಇನ್ನೂ ಕಡಿಮೆ. ಬೊಂಡಾಸದಲ್ಲಿ (ಸ್ಕ್ವಿಡ್) ಮಾತ್ರ ಕಳೆದುಹೋಗುವ ಭಾಗ ಕಡಿಮೆ, ಆದ್ದರಿಂದ ಚೀಟಿಯಲ್ಲಿ ದುಬಾರಿ ಕಂಡರೂ ತಟ್ಟೆಯ ಲೆಕ್ಕದಲ್ಲಿ ಅದು ಸಿಗಡಿಯನ್ನು ಹಿಂದೆ ಹಾಕಬಹುದು. ಬೂತಾಯಿ, ಬಂಗುಡೆಗಳ ತಲೆ ಮತ್ತು ಹೊಟ್ಟೆ ತೆಗೆದರೆ ಮೂರನೆಯ ಒಂದು ಭಾಗದಷ್ಟು ಹೋಗುತ್ತದೆ. ತಲೆಯನ್ನೂ ಗಸಿಗೆ ಹಾಕುವ ಮನೆಗಳಲ್ಲಿ ಅಷ್ಟೂ ಹೋಗುವುದಿಲ್ಲ. ಅಂಜಲ್ ತುಂಡು ಕೊಂಡರೆ ನಷ್ಟ ಅತಿ ಕಡಿಮೆ, ಆದರೆ ಅದರ ದರವೇ ಎತ್ತರದಲ್ಲಿ ಶುರುವಾಗುತ್ತದೆ.

ಇನ್ನೊಂದು ವಿಷಯ: ನಮ್ಮ ಮಾರುಕಟ್ಟೆಗಳಲ್ಲಿ ಬೂತಾಯಿ, ಬಂಗುಡೆಯನ್ನು ಹಲವರು ತೂಕಕ್ಕೆ ಮಾರುವುದಿಲ್ಲ, ‘ನೂರಕ್ಕೆ ಇಷ್ಟು’ ಎಂದು ಎಣಿಸಿ ಕೊಡುತ್ತಾರೆ. ನಿನ್ನೆ ನೂರಕ್ಕೆ ಹತ್ತು ಕೊಟ್ಟವರು ಇಂದು ಎಂಟು ಕೊಟ್ಟರೆ ಬೆಲೆ ಏರಿದೆ ಎಂದೇ ಹೇಳಲಾಗದು, ಇಂದಿನ ಮೀನು ದೊಡ್ಡದಿರಬಹುದು. ಮನೆಯಲ್ಲಿ ಸಣ್ಣ ತಕ್ಕಡಿ ಇದ್ದರೆ ಕೆಲವು ಸಲ ತೂಗಿ ನೋಡಿ. ಆಮೇಲೆ ಕಣ್ಣಿಗೇ ಅಂದಾಜು ಸಿಗುತ್ತದೆ.

ಬೆಲೆ ಯಾವಾಗ ಏರುತ್ತದೆ ಎಂಬುದಕ್ಕೆ ಪಂಚಾಂಗದಷ್ಟೇ ಖಚಿತವಾದ ದಿನಗಳಿವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನುಗಳ ಸಂತಾನವೃದ್ಧಿಗೆ ಅವಕಾಶ ಕೊಡುವುದು ಅದರ ಉದ್ದೇಶ. ಈ ದಿನಗಳಲ್ಲಿ ಮಲ್ಪೆ ಬಂದರಿನಲ್ಲೂ ಮಂಗಳೂರಿನ ದಕ್ಕೆಯಲ್ಲೂ ಟ್ರಾಲ್ ಬೋಟುಗಳು ಲಂಗರು ಹಾಕಿರುತ್ತವೆ. ಸಿಗುವ ತಾಜಾ ಮೀನು ನಾಡದೋಣಿಗಳದ್ದು, ಅದೂ ಕಡಲು ಬಿಟ್ಟ ದಿನ ಮಾತ್ರ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆದ್ದರಿಂದ ಜೂನ್ ಮಧ್ಯದ ಬಳಿಕ ಆ ಕಡೆಯ ಮೀನು ಮಂಜುಗಡ್ಡೆಯಲ್ಲಿ ಇಲ್ಲಿಗೆ ಬರಲು ಸಾಧ್ಯವಾಗುತ್ತದೆ. ಅದರಲ್ಲಿ ಸಾಗಣೆಯ ಖರ್ಚೂ ಸೇರಿರುತ್ತದೆ.

ಹಾಗಾದರೆ ಅಗ್ಗವಿದ್ದಾಗ ಕೊಂಡು ಫ್ರೀಜರಿನಲ್ಲಿ ಇಟ್ಟುಕೊಳ್ಳಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಸ್ವಲ್ಪ ಮಟ್ಟಿಗೆ ಮಾತ್ರ ಸಾಧ್ಯ. ಬೂತಾಯಿ, ಬಂಗುಡೆ ಎಣ್ಣೆ ಅಂಶ ಹೆಚ್ಚಿರುವ ಮೀನುಗಳು; ಮನೆಯ ಫ್ರೀಜರಿನಲ್ಲಿ ಎರಡು ಮೂರು ತಿಂಗಳು ಕಳೆದರೆ ಆ ಎಣ್ಣೆಯೇ ಕಮಟು ಹಿಡಿಯುತ್ತದೆ. ನವೆಂಬರಿನ ಅಗ್ಗದ ಬಂಗುಡೆಯನ್ನು ಜೂನ್‌ವರೆಗೆ ಒಯ್ಯಲಾಗದು. ಹಿಂದಿನವರು ಬಿಸಿಲಿರುವಾಗಲೇ ಮೀನಿಗೆ ಉಪ್ಪು ಹಾಕಿ ಒಣಗಿಸಿ ಇಟ್ಟುಕೊಳ್ಳುತ್ತಿದ್ದುದು ಈ ಸಮಸ್ಯೆಗೆ ಕಂಡುಕೊಂಡ ಉತ್ತರ. ಒಣಮೀನಿನ ದರ ನೋಡಿ ಬೆಚ್ಚುವ ಮೊದಲು ಒಂದು ಮಾತು: ನೀರು ಆರಿಹೋಗಿರುವುದರಿಂದ ಅದರ ಒಂದು ಕಿಲೋ, ತಾಜಾ ಮೀನಿನ ಎಷ್ಟೋ ಕಿಲೋಗೆ ಸಮ.

ಸಂಜೆ ಬುಟ್ಟಿ ಖಾಲಿ ಮಾಡುವ ಹೊತ್ತಿಗೆ ಬೆಲೆ ಇಳಿಯುವುದುಂಟು. ಅಲ್ಲಿ ಉಳಿತಾಯವಿದೆ, ಒಂದು ಅಪಾಯವೂ ಇದೆ. ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳನ್ನು ಸಾಕಷ್ಟು ತಂಪಿನಲ್ಲಿ ಇಡದಿದ್ದರೆ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಮೈ ತುರಿಸುವುದು, ತಲೆನೋವು ಬರುವುದು ಇದರಿಂದ. ಕಿವಿರು ಕೆಂಪಾಗಿದೆಯೇ, ಕಣ್ಣು ಹೊಳೆಯುತ್ತಿದೆಯೇ ನೋಡಿ. ಮಂಜುಗಡ್ಡೆ ಇಲ್ಲದೆ ಮಧ್ಯಾಹ್ನದಿಂದ ಕುಳಿತ ಮೀನು ಅರ್ಧ ಬೆಲೆಗೆ ಸಿಕ್ಕರೂ ಬೇಡ.

ಕಾಯಿ ಯಾಕೆ ಬೇಗ ಇಳಿಯುವುದಿಲ್ಲ?

ಟೊಮೆಟೊ 2023ರ ಜುಲೈಯಲ್ಲಿ ಕಿಲೋಗೆ ನೂರು ದಾಟಿ, ಹೊಸ ಬೆಳೆ ಬಂದ ಕೂಡಲೇ ಕುಸಿಯಿತು. ತೆಂಗು ಹಾಗೆ ವರ್ತಿಸುವುದಿಲ್ಲ. ಹಿಂಗಾರ ಅರಳಿ ಕಾಯಿ ಪೂರ್ತಿ ಬಲಿಯಲು ಸುಮಾರು 12 ತಿಂಗಳು ಬೇಕು. ಒಂದು ಬೇಸಿಗೆಯ ಬಿಸಿಲಿಗೆ ಎಳೆಗಾಯಿ ಉದುರಿದರೆ ಆ ಪೆಟ್ಟು ಮಾರುಕಟ್ಟೆಗೆ ಮುಟ್ಟುವುದು ತಿಂಗಳುಗಳ ನಂತರ, ಸುಧಾರಿಸುವುದೂ ಅಷ್ಟೇ ನಿಧಾನ. ಅದಕ್ಕೆ ಬಿಳಿನೊಣದ ಕಾಟವೂ ಹೊರದೇಶಗಳ ಬೇಡಿಕೆಯೂ ಸೇರಿಕೊಂಡವು. 2025ರ ಹಂಗಾಮಿಗೆ ಎಣ್ಣೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 11,582 ರೂಪಾಯಿ. ಆ ವರ್ಷದ ಮಾರುಕಟ್ಟೆ ದರ ಅದನ್ನು ಬಹಳ ಹಿಂದೆ ಬಿಟ್ಟು ಓಡಿತು.

ಕೊಳ್ಳುವವರ ಕೈಯಲ್ಲಿ ಇರುವುದು ಆಯ್ಕೆ ಮತ್ತು ಶೇಖರಣೆ. ಸುಲಿದ ಕಾಯಿಯಲ್ಲಿ ತಿರುಳು ಅರ್ಧದ ಆಸುಪಾಸು, ಉಳಿದದ್ದು ಗೆರಟೆ ಮತ್ತು ನೀರು. ತೂಕಕ್ಕೆ ಕೊಳ್ಳುವಾಗ ಕಿಲೋಗೆ 70 ರೂಪಾಯಿ ಎಂದರೆ ತಿರುಳಿಗೆ ಸುಮಾರು 140 ಕೊಟ್ಟಂತೆ. ಎಳೆಯ ಕಾಯಿಯಲ್ಲಿ ನೀರಿನ ಭಾರ ಹೆಚ್ಚು, ತಿರುಳು ತೆಳು. ಆದ್ದರಿಂದ ಕೈಗೆ ಭಾರವಾದದ್ದೆಲ್ಲ ಲಾಭದ್ದಲ್ಲ. ಒಡೆದ ಕಾಯಿಯ ಮೂರು ಕಣ್ಣಿರುವ ಕಡಿ ಬೇಗ ಕೆಡುತ್ತದೆ ಎಂದು ಅದನ್ನೇ ಮೊದಲು ತುರಿಯುವುದು ರೂಢಿ. ಸಣ್ಣ ಸಂಸಾರದವರು ಮಿಕ್ಕ ಕಡಿಯನ್ನು ಅಂದೇ ತುರಿದು, ಒಂದು ಹೊತ್ತಿನ ಅಳತೆಗೆ ಕಟ್ಟಿ ಫ್ರೀಜರಿನಲ್ಲಿ ಇಡಬಹುದು. ಜಿಡ್ಡು ಹಿಡಿದು ಹಳದಿಯಾದ ಅರ್ಧ ಕಾಯಿಯನ್ನು ವಾರಕ್ಕೊಮ್ಮೆ ಎಸೆಯುವ ಮನೆಗಳಲ್ಲಿ ಇಷ್ಟರಿಂದಲೇ ತಿಂಗಳಿಗೆ ಎರಡು ಕಾಯಿ ಉಳಿಯುತ್ತದೆ.

ಘಟ್ಟದ ಮೇಲಿನದು, ಹಿತ್ತಲಿನದು

ಕ್ಯಾರೆಟ್, ಬೀನ್ಸ್, ಕೋಸು, ಟೊಮೆಟೊ, ಆಲೂಗಡ್ಡೆ, ಈರುಳ್ಳಿ ಇವು ಕರಾವಳಿಗೆ ಘಟ್ಟ ಇಳಿದು ಬರಬೇಕು. ಬೈಕಂಪಾಡಿಯ ಎಪಿಎಂಸಿಗೆ ಬರಲಿ, ಆದಿ ಉಡುಪಿಯ ಸಂತೆಗೆ ಬರಲಿ, ದಾರಿ ಶಿರಾಡಿ, ಚಾರ್ಮಾಡಿ ಅಥವಾ ಇನ್ನೊಂದು ಘಾಟಿ. 2024ರ ಜುಲೈಯಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಶಿರಾಡಿಯಲ್ಲಿ ಸಂಚಾರ ನಿಂತಿತ್ತು. ಹಾಗಾದಾಗ ಲಾರಿ ಸುತ್ತಿ ಬರಬೇಕು, ಡೀಸೆಲ್ ಹೆಚ್ಚು ಬೇಕು, ದಾರಿಯಲ್ಲಿ ಕೊಳೆಯುವುದೂ ಹೆಚ್ಚು. ಮೂರೂ ಸೇರಿ ಕಿಲೋ ದರಕ್ಕೆ ಬರುತ್ತವೆ.

ಅದೇ ಮಳೆಯಲ್ಲಿ ಇಲ್ಲಿ ಬೆಳೆಯುವ ತರಕಾರಿ ಬೇರೆ ಇದೆ: ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ, ಹರಿವೆ, ಕೆಸುವಿನ ಎಲೆ. ಘಾಟಿ ಬಂದ್ ಆದರೂ ಇವುಗಳಿಗೆ ತೊಂದರೆ ಇಲ್ಲ. ಮಳೆಗಾಲದ ಅಡುಗೆಯನ್ನು ಇವುಗಳ ಮೇಲೆ ನಿಲ್ಲಿಸಿ, ಕ್ಯಾರೆಟ್ ಬೀನ್ಸುಗಳನ್ನು ವಾರಕ್ಕೊಮ್ಮೆಯ ಮಾತಾಗಿಸಿದರೆ ಖರ್ಚು ತಾನಾಗಿ ಇಳಿಯುತ್ತದೆ. ಟೊಮೆಟೊ ಏರಿದಾಗ ಕರಾವಳಿಯವರು ಕಂಗಾಲಾಗುವುದು ನನಗೆ ಅಷ್ಟಾಗಿ ಅರ್ಥವಾಗುವುದಿಲ್ಲ. ಹುಣಸೆ, ಬಿಂಬುಳಿ, ಅಂಬಟೆ, ಪುನರ್ಪುಳಿ ಎಂದು ಹುಳಿಗೆ ಇಷ್ಟು ದಾರಿಗಳಿರುವ ಊರು ಇದು.

ಮಂಗಳೂರು ಸೌತೆ ಇನ್ನೂ ಉಪಕಾರಿ. ಬೇಸಿಗೆಯಲ್ಲಿ ಬೆಳೆದದ್ದನ್ನು ಮಾಡಿನ ಕೆಳಗೆ ಸಾಲಾಗಿ ಕಟ್ಟಿ ನೇತುಹಾಕಿದರೆ ತಿಂಗಳುಗಟ್ಟಲೆ ಕೆಡದು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮಳೆಗಾಲದ ಆಟಿ ತಿಂಗಳ ಪಲ್ಯಕ್ಕೆ ಆಗುತ್ತದೆ. ಹಾಗೆಂದು ಊರಿನದೆಲ್ಲ ಅಗ್ಗ ಎಂದುಕೊಳ್ಳಬಾರದು. ಮಟ್ಟುಗುಳ್ಳ ಕಟಪಾಡಿಯ ಮಗ್ಗುಲಲ್ಲೇ ಬೆಳೆದರೂ ಬೇಡಿಕೆಯಿಂದಾಗಿ ಸಾಮಾನ್ಯ ಬದನೆಗಿಂತ ಮೇಲೆಯೇ ಇರುತ್ತದೆ.

ಒಲೆಯ ಖರ್ಚೂ ಊಟದ ಖರ್ಚೇ

ಕುಚ್ಚಲಕ್ಕಿ ಬೇಯಲು ಬೆಳ್ತಿಗೆ ಅಕ್ಕಿಗಿಂತ (ಬಿಳಿ ಅಕ್ಕಿ) ಹೆಚ್ಚು ಹೊತ್ತು ಬೇಕು. ಅಕ್ಕಿಯಲ್ಲಿ ಉಳಿಸಿದ್ದನ್ನು ಗ್ಯಾಸಿಗೆ ಕೊಟ್ಟರೆ ಪ್ರಯೋಜನವಿಲ್ಲ. ನೆನೆಸಿ ಬೇಯಿಸುವುದು, ಕುದಿ ಬಂದ ಪಾತ್ರೆಯನ್ನು ಥರ್ಮಲ್ ಕುಕ್ಕರಿನ ಒಳಗಿಟ್ಟು ಅದರದೇ ಬಿಸಿಯಲ್ಲಿ ಬೇಯಲು ಬಿಡುವುದು, ಇವೆರಡರಿಂದ 14.2 ಕಿಲೋದ ಸಿಲಿಂಡರ್ ಇನ್ನೂ ಕೆಲವು ದಿನ ಬರುತ್ತದೆ.

ಮಳೆಗಾಲದ ತೇವ ತಿನ್ನುವ ರಿಯಾಯಿತಿ

ಸಗಟು ಕೊಂಡರೆ ಅಗ್ಗ ಎಂಬ ಮಾತಿಗೆ ಒಂದು ಷರತ್ತಿದೆ. ಶೇಕಡಾ 10 ರಿಯಾಯಿತಿಯಲ್ಲಿ ಕೊಂಡದ್ದರಲ್ಲಿ ಶೇಕಡಾ 10 ಹಾಳಾದರೆ ಉಳಿತಾಯ ಸೊನ್ನೆ. 15 ಹಾಳಾದರೆ ನಷ್ಟ. ಒಣ ಊರಿನಲ್ಲಿ ಆರು ತಿಂಗಳು ಇಡಬಹುದಾದ ರವೆ, ಬೇಳೆ, ಹಿಟ್ಟುಗಳಿಗೆ ಇಲ್ಲಿಯ ಜೂನ್–ಜುಲೈಯ ತೇವದಲ್ಲಿ ಬೇಗ ಗುಗ್ಗುರು ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ರವೆ, ಹೆಸರುಬೇಳೆಯಂಥವನ್ನು ತಂದ ಕೂಡಲೇ ನಾಲ್ಕು ದಿನ ಫ್ರೀಜರಿನಲ್ಲಿ ಇಟ್ಟು, ಪೊಟ್ಟಣ ಬಿಚ್ಚದೆ ಹೊರಗಿನ ಬಿಸಿಗೆ ಬಂದ ಮೇಲೆ ಡಬ್ಬಿಗೆ ತುಂಬಿದರೆ ಹುಳುವಿನ ಮೊಟ್ಟೆಗಳು ಸತ್ತಿರುತ್ತವೆ. ಮೇ ತಿಂಗಳಲ್ಲಿ ಮೆಣಸು, ಕೊತ್ತಂಬರಿ, ಹುಣಸೆಯನ್ನು ಬಿಸಿಲಿಗೆ ಹಾಕಿ ತುಂಬಿಡುವ ಪದ್ಧತಿಯ ಹಿಂದೆ ಇರುವುದೂ ಇದೇ ಲೆಕ್ಕ. ಜುಲೈಯಲ್ಲಿ ಮಾತ್ರ ಎರಡು ವಾರಕ್ಕೆ ಆಗುವಷ್ಟು ಕೊಳ್ಳುವುದೇ ಸರಿ, ಕಿಲೋಗೆ ಎರಡು ರೂಪಾಯಿ ಹೆಚ್ಚಾದರೂ.

ಪೊಟ್ಟಣದ ಮೇಲಿನ ದಿನಾಂಕಗಳಲ್ಲಿಯೂ ಎರಡು ಬಗೆ. ‘ಬೆಸ್ಟ್ ಬಿಫೋರ್’ ಎಂದರೆ ಆ ದಿನದವರೆಗೆ ರುಚಿ, ಗರಿಮುರಿ ಉತ್ತಮವಾಗಿರುತ್ತದೆ ಎಂದು. ಅದು ದಾಟಿದ ಮರುದಿನ ಬಿಸ್ಕತ್ತು ವಿಷವಾಗುವುದಿಲ್ಲ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದರೆ ಆಮೇಲೆ ಬಳಸಬಾರದು ಎಂದು. ಮೊದಲನೆಯದನ್ನು ಎರಡನೆಯದೆಂದು ತಿಳಿದು ಒಳ್ಳೆಯ ಸಾಮಾನನ್ನು ಎಸೆಯುವವರು ಬಹಳ.

ಮನೆಬಾಗಿಲಿಗೆ ಬರುವ ಸಾಮಾನು, ಎಂಆರ್‌ಪಿ ಮತ್ತು ದೂರು

ಮೊಬೈಲಿನಲ್ಲಿ ಆರ್ಡರ್ ಮಾಡುವಾಗ ಸಾಮಾನಿನ ದರವನ್ನು ಮಾತ್ರ ಹೋಲಿಸಿದರೆ ಸಾಲದು. ತಲುಪಿಸುವ ಶುಲ್ಕ, ನಿರ್ವಹಣಾ ಶುಲ್ಕ, ಉಚಿತ ಡೆಲಿವರಿಯ ಮೊತ್ತ ಮುಟ್ಟಲೆಂದು ಸೇರಿಸಿದ ಚಿಪ್ಸು, ಎಲ್ಲವನ್ನೂ ಕೂಡಿಸಿ ನೋಡಬೇಕು. ‘ಒಂದು ಕೊಂಡರೆ ಒಂದು ಉಚಿತ’ ಎಂಬುದು ಎರಡನೆಯದನ್ನೂ ಕೆಡುವ ಮೊದಲು ಬಳಸಿದರೆ ಮಾತ್ರ ಅರ್ಧ ಬೆಲೆ.

ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. ತಂಪು ಮಾಡಿದ ಖರ್ಚು ಎಂದು ಅಂಗಡಿಯಲ್ಲಿ ಎರಡು ರೂಪಾಯಿ ಸೇರಿಸುವಂತೆಯೂ ಇಲ್ಲ. ತಕ್ಕಡಿಯ ತೂಕದಲ್ಲಿ ಅನುಮಾನವಿದ್ದರೆ, ಪೊಟ್ಟಣದ ಮೇಲೆ ನಿವ್ವಳ ತೂಕ ಇಲ್ಲದಿದ್ದರೆ, ಎಂಆರ್‌ಪಿ ಮೀರಿ ಕೇಳಿದರೆ ದೂರು ಕೊಡಬೇಕಾದದ್ದು ಕಾನೂನು ಮಾಪನಶಾಸ್ತ್ರ ಇಲಾಖೆಗೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕರೆ ಮಾಡುವಾಗ ಬಿಲ್ಲು ಮತ್ತು ಪೊಟ್ಟಣ ಎರಡೂ ಕೈಯಲ್ಲಿರಲಿ.